ಚಿಂತೆಗೊಂದು ಪಾಳಿ

ಭದ್ರಾವತಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಾನು ಕಾರ್ಖಾನೆಯ ಗೇಟಿನ ಮುಂದೆ ಹೋಗಿ ಸುಮ್ಮನೆ ನಿಂತುಕೊಂಡೆ. ಅಷ್ಟೇ ಮಾಡಿದ್ದು. ಯಾರನ್ನೂ ಬೈಯಲಿಲ್ಲ, ಏನನ್ನೂ ಮುಟ್ಟಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ನಮ್ಮ ಸಾಲುಮನೆಗಳ ಹೆಂಗಸರೆಲ್ಲ ಅಲ್ಲಿಗೆ ಓಡಿ ಬಂದಿದ್ದರು. ಇಬ್ಬರು ಆಗಲೇ ಅಳುತ್ತಿದ್ದರು. ಗೇಟಿನ ವಾಚ್‌ಮನ್ ತನ್ನ ಸ್ಟೂಲನ್ನು ನನಗೆ ಬಿಟ್ಟುಕೊಟ್ಟು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಯಾರು ಸತ್ತರು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಯಾರೂ ಸತ್ತಿರಲಿಲ್ಲ.

ನಮ್ಮ ವಿಜಾಪುರದ ಕಡೆಯ ಓದುಗರಿಗೆ ಇದು ಅರ್ಥವಾಗಬೇಕಾದರೆ ಮೊದಲು ನನ್ನ ವಿಷಯ ಒಂದಿಷ್ಟು ಹೇಳಬೇಕು. ನಾನು ಹುಟ್ಟಾ ಚಿಂತೆಗಾರ್ತಿ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಒಳಗೆ ಏನು ಬಿಟ್ಟೆನೋ ಎಂಬ ಚಿಂತೆ. ಯಾವ ಚಿಂತೆಯೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆ ಎಂಬ ಚಿಂತೆ. ಅವ್ವ ಹಾಸಿಗೆ ಹಿಡಿದಿದ್ದಳು, ಅವಳನ್ನು ನೋಡಿಕೊಳ್ಳುತ್ತ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ ನನ್ನ ಮದುವೆಯ ವಯಸ್ಸು ದಾಟಿಹೋಯಿತು. ಅವಳು ಹೋದಮೇಲೆ ನಮ್ಮ ಅಣ್ಣ ಬಸವರಾಜ ಎಲ್ಲಿಂದಲೋ ಒಂದು ಸಂಬಂಧ ತಂದ. ಗಂಡು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಆಪರೇಟರ್. ಮೂಲ ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಳಲೂರು. ತಂಗಿಯರ ಮದುವೆ ಮುಗಿಸುವುದರೊಳಗೆ ತನ್ನ ಮದುವೆ ಮರೆತವರು. ಹೆಸರು ಪರಮೇಶಪ್ಪ.

"ಮನುಷ್ಯಾ ಹೆಂಗದಾನು?" ಎಂದು ಅಣ್ಣನನ್ನು ಕೇಳಿದೆ.

"ಭಾಳ ಶಾಂತ ಅದಾನವಾ. ನೀ ಮಾಡೂ ಚಿಂತಿ ಒಳಗ ಅರ್ಧಾ ಅವಗ ಕೊಟ್ರ ಇಬ್ಬರೂ ಸರಿ ಆಗ್ತೀರಿ."

ಹೀಗೆ ಮೂವತ್ತಾರು ದಾಟಿದ ಮದುಮಗಳು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಹೊಲಿಗೆ ಯಂತ್ರ, ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟಿನ ಜೊತೆ ಭದ್ರಾವತಿಗೆ ಬಂದಿಳಿದಳು.

ನಮ್ಮೂರಿನಲ್ಲಿ ಹೊತ್ತು ಗೊತ್ತಾಗುವುದು ಬಿಸಿಲಿನಿಂದ. ಇಲ್ಲಿ ಸೈರನ್ನಿನಿಂದ. ಕಾರ್ಖಾನೆಯಲ್ಲಿ ಮೂರು ಪಾಳಿ, ಇಲ್ಲಿಯವರ ಬಾಯಲ್ಲಿ ಫಸ್ಟು, ಸೆಕೆಂಡು, ನೈಟು. ಊರಿನ ಹಾಲು, ನೀರು, ಜಗಳ, ಸಂಧಾನ ಎಲ್ಲವೂ ಆ ಮೂರರ ಮೇಲೆ ನಿಂತಿವೆ. ಇವರಿಗೆ ನೈಟ್ ಶಿಫ್ಟ್ ಇದ್ದ ವಾರ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ರಾತ್ರಿಯ ಊಟ. ಸಂಜೆ ಏಳುವಾಗ ಇವರಿಗೆ ಮುಖ ತೊಳೆಯಲು ನೀರು, ಹಲ್ಲುಜ್ಜಲು ಪುಡಿ. ನಾನು ನಿದ್ದೆಗಣ್ಣಿನಲ್ಲಿ ಯಾವುದು ತಿಂಡಿ, ಯಾವುದು ಊಟ ಎಂದು ತಿಳಿಯದೆ ಎರಡನ್ನೂ ಮಾಡಿ ಎರಡನ್ನೂ ತಿನ್ನುತ್ತಿದ್ದೆ. ನಮ್ಮ ಕಡೆ ಮನೆಯ ಬಾಗಿಲು ಮುಚ್ಚಿದ್ದರೆ ಊರಿಗೆ ಹೋಗಿದ್ದಾರೆ ಎಂದರ್ಥ. ಇಲ್ಲಿ ಮುಚ್ಚಿದ ಬಾಗಿಲ ಮುಂದೆ ಜನ ಪಿಸುಮಾತಿನಲ್ಲಿ ಮಾತಾಡಿಕೊಂಡು ಹೋಗುತ್ತಾರೆ. ಒಳಗೆ ನೈಟ್ ಮುಗಿಸಿದವನು ಮಲಗಿರುತ್ತಾನೆ.

ಕ್ವಾರ್ಟರ್ಸಿನ ಒಂದು ಸಾಲಿಗೆ ಇಲ್ಲಿ 'ಲೈನ್' ಅನ್ನುತ್ತಾರೆ. ನಮ್ಮ ಲೈನಿನಲ್ಲಿ ಒಂದು ಮನೆಯಲ್ಲಿ ತಮಿಳು, ಮುಂದಿನದರಲ್ಲಿ ತೆಲುಗು, ಅದರಾಚೆ ಶಿವಮೊಗ್ಗದ ಕನ್ನಡ. ನನ್ನದು ಮಾತ್ರ ಯಾವುದಕ್ಕೂ ಸೇರದ ಕನ್ನಡ. ಪಕ್ಕದ ಮನೆಯ ಸೆಲ್ವಿ ತಮಿಳಿನವಳು. ಅವಳ ಗಂಡ ಮುರುಗೇಶ ಕುಲುಮೆಯ ಹತ್ತಿರ ಕೆಲಸ ಮಾಡುವವನು. ನಾನು ಬಂದ ಮಾರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಅವಳು ಹಿಂದಿನ ಬಾಗಿಲಿನಿಂದ ಒಳಗೇ ನುಗ್ಗಿದಳು. ಹಿಟ್ಟಿನ ಕೈಯಲ್ಲಿ ಕೂತಿದ್ದ ನನ್ನನ್ನೂ ಗೋಡೆಗೊರಗಿ ಪೇಪರ್ ಓದುತ್ತಿದ್ದ ಇವರನ್ನೂ ನೋಡಿದಳು.

"ಅಯ್ಯೋ, ರೊಟ್ಟಿನಾ? ನಾನು ಅಣ್ಣ ಹೊಡೀತಿದಾರೆ ಅಂದ್ಕೊಂಡೆ. ಇಷ್ಟು ಶಾಂತ ಮನುಷ್ಯ, ಮದುವೆ ಆಗಿ ವಾರಕ್ಕೇ ಹೀಗಾದ್ರಲ್ಲ ಅಂತ ಬೇಜಾರಾಗಿತ್ತು."

ಇವರು ಪೇಪರಿನಿಂದ ಕಣ್ಣೆತ್ತದೆ, "ಹೊಡೀತಾ ಇರೋದು ಅವಳೇ, ಆದ್ರೆ ರೊಟ್ಟಿಗೆ," ಅಂದರು.

ಇನ್ನು ಗೇಟಿನ ವಿಷಯ. ಆ ದಿನ ಇವರದು ಫಸ್ಟ್ ಶಿಫ್ಟ್. ಎರಡಕ್ಕೆ ಸೈರನ್ ಆಗುತ್ತದೆ, ಎರಡೂವರೆಗೆ ಸೈಕಲ್ಲು ಅಂಗಳದಲ್ಲಿರುತ್ತದೆ. ಆ ದಿನ ಎರಡೂವರೆಯಾಯಿತು, ಮೂರಾಯಿತು, ಮೂರೂವರೆಯಾಯಿತು. ಅನ್ನ ಆರಿತು. ಇವರು ಕೂರುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ, ಅದರ ಕೆಳಗೆ ಕರಗಿದ ಕಬ್ಬಿಣ ಹೇಗೆ ಹೊಯ್ದಾಡುತ್ತದೆ ಎಂದು ಇವರೇ ಒಮ್ಮೆ ಸಂತೋಷದಿಂದ ವರ್ಣಿಸಿದ್ದರು. ನನ್ನಂಥವಳ ಮುಂದೆ ಅಂಥದ್ದನ್ನು ವರ್ಣಿಸಬಾರದು.

ನಮ್ಮೂರಿನಲ್ಲಿ ಮನೆಯವರು ಬರುವುದು ತಡವಾದರೆ ಹುಡುಕಿಕೊಂಡು ಹೋಗುವುದೇ ಪ್ರೀತಿ. ಯಾರಾದರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ, ಯಾವುದೋ ಕಟ್ಟೆಯ ಮೇಲೆ ಹರಟೆ ಹೊಡೆಯುತ್ತ ಕೂತವರನ್ನು ಎಬ್ಬಿಸಿಕೊಂಡು ಬರುತ್ತಾರೆ. ಹುಡುಕಲು ಬರಲಿಲ್ಲ ಎಂದು ಮುನಿಸಿಕೊಂಡವರೂ ಇದ್ದಾರೆ. ನಾನು ಅದೇ ಲೆಕ್ಕದಲ್ಲಿ ಮನೆಗೆ ಬೀಗ ಹಾಕಿ ಗೇಟಿಗೆ ಹೋದೆ.

"ಯಾರ ಮನೆಯೋರಮ್ಮಾ?" ವಾಚ್‌ಮನ್ ಕೇಳಿದ.

"ಪರಮೇಶಪ್ಪನವರು. ಕ್ರೇನಿನ ಮ್ಯಾಲೆ ಇರ್ತಾರಲ್ರಿ, ಅವರು."

ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಎದ್ದು ನಿಂತ. "ಕೂತ್ಕೊಳ್ಳಿ ತಾಯಿ. ಯಾರು ಹೇಳಿ ಕಳ್ಸಿದ್ರು?"

"ಯಾರೂ ಇಲ್ರಿ. ನಾನs ಬಂದೆ."

ಅವನು ನಂಬಲಿಲ್ಲ. ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ. ಆಮೇಲೆ ಒಳಗೆ ಹೋಗಿ ಫೋನಿನಲ್ಲಿ ಸಣ್ಣ ದನಿಯಲ್ಲಿ ಮಾತಾಡತೊಡಗಿದ. ಬಂದಾಗಿನಿಂದ ಈ ಊರಿನಲ್ಲಿ ಯಾರೂ ನನಗೆ ತಾಯಿ ಅಂದಿರಲಿಲ್ಲ. ಕೂರಲು ಜಾಗ, ಕುಡಿಯಲು ನೀರು, ಕರೆಯಲು ತಾಯಿ, ಮೂರೂ ಒಟ್ಟಿಗೆ ಸಿಕ್ಕಾಗ ಮಾತಿಲ್ಲದೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ತನಗೆ ಗೊತ್ತಿರುವುದನ್ನು ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಭಯ. ನನಗೆ ಗೊತ್ತಿರುವುದನ್ನು ತನಗೆ ಯಾರೂ ತಿಳಿಸಿಲ್ಲ ಎಂದು ಅವನಿಗೆ ಭಯ. ರೇಷನ್ ತರಲು ಹೊರಟಿದ್ದ ನಮ್ಮ ಲೈನಿನ ಒಬ್ಬಾಕೆ ನಾನು ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿ, ಬಂದ ದಾರಿಯಲ್ಲೇ ತಿರುಗಿ ಓಡಿದಳು. ಮಿಕ್ಕದ್ದನ್ನು ಮೊದಲೇ ಹೇಳಿದ್ದೇನೆ. ಎಲ್ಲರಿಗಿಂತ ಮುಂದೆ ಸೆಲ್ವಿ, ಬಿಚ್ಚಿದ ಕೂದಲಿನಲ್ಲಿ, ಚಪ್ಪಲಿಯಿಲ್ಲದೆ ಬಂದಳು.

ಅಷ್ಟರಲ್ಲಿ ಇವರು ಒಳಗಿನಿಂದ ಬಂದರು. ಮೈಯೆಲ್ಲ ಗ್ರೀಸು. ನನ್ನನ್ನು ನೋಡಿ ಇವರ ಮುಖವೇ ಬಿಳುಚಿತು.

"ಯಾರು ಹೋದ್ರು? ವಿಜಾಪುರದಿಂದ ಸುದ್ದಿ ಬಂತಾ?"

"ಯಾರೂ ಹೋಗಿಲ್ರಿ. ನೀವು ಎರಡೂವರಿಗೆ ಬರ್ತೀನಿ ಅಂದಿದ್ರಿ."

ಇವರು ನನ್ನನ್ನೂ, ಲೈನಿನ ಹೆಂಗಸರನ್ನೂ, ಟೋಪಿ ತೆಗೆದ ವಾಚ್‌ಮನ್ನನ್ನೂ ಒಂದು ಸುತ್ತು ನೋಡಿದರು. "ಡಬಲ್ ಕಣೇ ಮಾರಾಯ್ತಿ. ರಿಲೀವರ್ ಬರ್ಲಿಲ್ಲ. ಹೇಳಿ ಕಳ್ಸಿದ್ನಲ್ಲ."

ಮುಂದಿನ ಪಾಳಿಯವನು ಬರದಿದ್ದರೆ ಇದ್ದವನೇ ಎರಡು ಪಾಳಿ ಮಾಡಬೇಕು, ಅದು ಡಬಲ್. ಮನೆಗೆ ಸುದ್ದಿ ಮುಟ್ಟಿಸಬೇಕಾಗಿದ್ದ ಮನುಷ್ಯ ತಂಗಿಯ ಮದುವೆಗೆ ಸೀರೆ ತರಲು ನೆಟ್ಟಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಬಸ್ಸು ಹತ್ತಿದ್ದ.

ವಾಪಸು ಬರುವಾಗ ದಾರಿಯುದ್ದಕ್ಕೂ ಸೆಲ್ವಿ ನನಗೆ ಪಾಠ ಮಾಡಿದಳು. ಕಾರ್ಖಾನೆಯ ಊರಿನಲ್ಲಿ ಹೆಂಗಸರು ಗೇಟಿಗೆ ಬರುವುದು ಊಟದ ಕ್ಯಾರಿಯರ್ ಕೊಡಲು. ಬರಿಗೈಯಲ್ಲಿ ಬಂದ ಹೆಂಗಸೆಂದರೆ ಒಳಗಿನಿಂದ ಹೇಳಿ ಕಳಿಸಿ ಕರೆಸಿದ ಹೆಂಗಸು. ಹಾಗೆ ಹೇಳಿ ಕಳಿಸುವುದು ಒಂದೇ ಕಾರಣಕ್ಕೆ.

"ಮೀನು ಸಾರು ಒಲೆ ಮೇಲೆ ಬಿಟ್ಟು ಓಡಿ ಬಂದೆ ಅಕ್ಕಾ. ಇವತ್ತು ನಮ್ಮನೆಯೋರಿಗೆ ಸೀದ ಮೀನು, ನಿಮ್ಮ ಲೆಕ್ಕದಲ್ಲಿ. ಬರೋದಾದ್ರೆ ಒಂದು ಕ್ಯಾರಿಯರ್ ಹಿಡ್ಕೊಂಡು ಬನ್ನಿ. ಖಾಲಿ ಆದ್ರೂ ಪರವಾಗಿಲ್ಲ, ನೋಡೋರಿಗೆ ಸಮಾಧಾನ."

ಎಷ್ಟೋ ದಿನ ನಾನು ನಲ್ಲಿಯ ಹತ್ತಿರ ಹೋದರೆ ಯಾರಾದರೊಬ್ಬರು ನನ್ನ ಕೈ ನೋಡಿ, "ಕೊಡ ಇದೆ, ಭಯ ಇಲ್ಲ," ಎಂದು ನಗುತ್ತಿದ್ದರು. ನಾನೂ ನಗಲು ಕಲಿತೆ. ಆದರೆ ಎರಡೂವರೆಯ ಸೈಕಲ್ಲಿಗೆ ಕಾಯುವುದು ನಿಲ್ಲಲಿಲ್ಲ. ನನ್ನ ಮುಖ ನೋಡಿಯೇ ಸೆಲ್ವಿಗೆ ಗೊತ್ತಾಗುತ್ತಿತ್ತು.

"ನೀವು ಮೂರು ಶಿಫ್ಟೂ ಚಿಂತೆ ಮಾಡ್ತೀರಕ್ಕಾ. ಇಷ್ಟು ಡ್ಯೂಟಿ ಗಂಡಸ್ರೂ ಮಾಡಲ್ಲ. ನಿಮ್ಮ ತಲೆಗೆ ಯೂನಿಯನ್ ಇಲ್ವಾ?"

ಅವಳು ಹೇಳಿದ್ದು ಕುಚೋದ್ಯಕ್ಕೆ. ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ. ಕುಚೋದ್ಯವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಚಿಂತೆಗಾರರ ಕುಲಧರ್ಮ. ಊರಿಗೆ ಊರೇ ಪಾಳಿಯ ಮೇಲೆ ನಡೆಯುವಾಗ ನನ್ನ ಚಿಂತೆಗೆ ಮಾತ್ರ ಯಾಕೆ ಹಗಲೂ ರಾತ್ರಿ ದುಡಿತ? ದಿನಾ ಸಂಜೆ ನಾಲ್ಕರಿಂದ ಐದು ಅದರ ಪಾಳಿ ಎಂದು ಗೊತ್ತು ಮಾಡಿದೆ. ಹೊಲಿಗೆ ಯಂತ್ರ ಮುಚ್ಚಿ, ಚಹಾ ಮಾಡಿಕೊಂಡು, ಹಿಂದಿನ ಮೆಟ್ಟಿಲ ಮೇಲೆ ಕೂತು, ಮನಸ್ಸಿಗೆ ಬಂದಷ್ಟು ಚಿಂತೆ ಮಾಡುವುದು. ಬೇರೆ ಹೊತ್ತಿನಲ್ಲಿ ತಲೆ ಹಾಕಿದರೆ, ನಿನ್ನ ಪಾಳಿ ಇನ್ನೂ ಬಂದಿಲ್ಲ, ಆಮೇಲೆ ಬಾ ಎಂದು ಕಳಿಸುವುದು.

ಕೇಳಿದರೆ ಹುಚ್ಚು ಅನ್ನಿಸುತ್ತದೆ. ಅರ್ಧಕ್ಕರ್ಧ ಫಲಿಸಿತು. ಕೆಲವು ಚಿಂತೆಗಳು ಗೇಟ್ ಪಾಸಿಲ್ಲದೆ ಒಳಗೆ ಬರುತ್ತಲೇ ಇದ್ದವು. ಆದರೆ ಬಹಳಷ್ಟು ಚಿಂತೆಗಳಿಗೆ ಕಾಯುವ ತಾಳ್ಮೆ ಇಲ್ಲವೆಂದು ತಿಳಿಯಿತು. ಬೆಳಿಗ್ಗೆ ಹುಲಿಯಂತೆ ಬಂದದ್ದು ಸಂಜೆ ನಾಲ್ಕಕ್ಕೆ ಕರೆದರೆ ಎಲ್ಲಿ ಹೋಯಿತೋ ಸಿಗುತ್ತಿರಲಿಲ್ಲ. ಒಂದೊಂದು ದಿನ ಚಿಂತೆ ಮಾಡಲು ಏನೂ ನೆನಪಾಗದೆ ಗಾಬರಿಯಾಗುತ್ತಿತ್ತು.

ಈ ನಡುವೆ ಸಣ್ಣಪುಟ್ಟ ಗೆಲುವುಗಳೂ ಆದವು. ಊರಿಂದ ತಂದ ಜೋಳದ ಹಿಟ್ಟು ಮುಗಿದಾಗ ಒಳ್ಳೆಯ ಬಿಳಿಜೋಳ ಹುಡುಕಿಕೊಂಡು ಒಬ್ಬಳೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನ ನೂಕುನುಗ್ಗಲಿನಲ್ಲಿ ಮೂರು ಅಂಗಡಿಯವರು ನನ್ನ ಮಾತು ಕೇಳಿ, "ಯಾವ ಕಡೆಯೋರಮ್ಮ ನೀವು?" ಎಂದು ಕೇಳಿದರೇ ಹೊರತು ಜೋಳ ಕೊಡಲಿಲ್ಲ. ನಾಲ್ಕನೆಯವನು ಕೊಟ್ಟ. ಕಾಳು ಬಾಯಿಗೆ ಹಾಕಿ ಕಡಿದು ನೋಡಿ, ಇದು ಹಳೇ ಜೋಳ, ರೊಟ್ಟಿ ಬಿರಿಯುತ್ತದೆ ಎಂದು ಜಗಳ ಮಾಡಿ ಹೊಸದನ್ನು ತೆಗೆಸಿದೆ. ಬೇರೆಯವರ ಊರಿನಲ್ಲಿ ಮೊದಲ ಸಲ ಜಗಳವಾಡಿ ಗೆದ್ದ ದಿನ, ಆ ಊರು ಒಂದು ಗೇಣು ನಮ್ಮದಾಗುತ್ತದೆ. ಲೈನಿನ ಹೆಂಗಸರಿಗೆ ರವಿಕೆ ಹೊಲಿಯತೊಡಗಿದೆ. ಅಳತೆ ಕೊಡಲು ಬಂದವರು ಕಷ್ಟಸುಖವನ್ನೂ ಅಳತೆ ಕೊಟ್ಟು ಹೋಗುತ್ತಿದ್ದರು. ಸೆಲ್ವಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನಲು ಕಲಿತಳು. ನಾನು ಅವಳ ಕೊಳಂಬು, ಅಂದರೆ ಹುಣಸೆ ಮುಂದಾದ ಅವರ ಸಾರು, ಅನ್ನಕ್ಕೆ ಸುರಿದುಕೊಂಡು ಉಣ್ಣಲು ಕಲಿತೆ. ಬಂದ ಮೊದಲ ವರ್ಷ ನಾನು ಅಣ್ಣನಿಗೆ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು, ನಮ್ಮನ್ನು ಆ ಕಡೆಗೆ ಯಾವಾಗ ಕರೆಸಿಕೊಳ್ಳುತ್ತೀ ಎಂದು. ಅದು ಕ್ರಮೇಣ ಹಬ್ಬಕ್ಕೊಮ್ಮೆ ಕೇಳುವ ಮಾತಾಯಿತು.

ಮನುಷ್ಯರಲ್ಲಿ ಗಟ್ಟಿ ಜನ, ಪುಕ್ಕಲು ಜನ ಎಂದು ಎರಡು ಜಾತಿ ಎಂದು ನಾನು ಬಹಳ ಕಾಲ ನಂಬಿದ್ದೆ. ಮೊದಲನೆಯದಕ್ಕೆ ಉದಾಹರಣೆ ನಮ್ಮವರು, ಎರಡನೆಯದಕ್ಕೆ ನಾನು. ಒಮ್ಮೆ ಕೆಂಡದಂಥ ಕಬ್ಬಿಣ ಎತ್ತಿಕೊಂಡು ಹೋಗುವಾಗ ಕ್ರೇನ್ ನಡುವೆಯೇ ನಿಂತುಬಿಟ್ಟಿತಂತೆ. ಕೆಳಗಿದ್ದವರೆಲ್ಲ ಓಡಿದರಂತೆ. ಇವರು ಮೇಲೆ ಕೂತು, ರಿಪೇರಿಯವರು ಬರುವವರೆಗೆ ಬಾಳೆಹಣ್ಣು ತಿಂದರಂತೆ. ಇದನ್ನು ನನಗೆ ಹೇಳಿದ್ದು ಮುರುಗೇಶ. ಇವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

"ಹೆದರಿಕೆ ಆಗ್ಲಿಲ್ವಾ?" ಎಂದು ಇವರನ್ನು ಕೇಳಿದೆ. ಅಷ್ಟರಲ್ಲಿ ನನ್ನ ಬಾಯಿಗೂ ಈ ಕಡೆಯ ಮಾತು ಅಲ್ಪಸ್ವಲ್ಪ ಹತ್ತಿತ್ತು.

"ಹೆದರಿ ಏನ್ಮಾಡ್ಲಿ? ಇಳಿಯೋಕೆ ಮೆಟ್ಟಿಲು ಇನ್ನೊಂದ್ ಕಡೆ ಇತ್ತು."

ಹೊಸ ಶತಮಾನ ಬರುವ ಆಸುಪಾಸಿನಲ್ಲಿ ಕಾರ್ಖಾನೆಗಳ ಊರಿಗೆ ಬೇರೆ ಗಾಳಿ ಬೀಸತೊಡಗಿತು. ಕೆಲಸ ಕಡಿಮೆಯಾಯಿತು. ಕುಲುಮೆ ಕೆಲವು ವಾರ ಉರಿಯುತ್ತಿತ್ತು, ಕೆಲವು ವಾರ ಇಲ್ಲ. ಇಷ್ಟವಿದ್ದವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು ಎಂಬ ಸೂಚನೆ ಬಂತು. ವಿಆರ್‌ಎಸ್ ಎಂಬ ಮೂರಕ್ಷರ ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಕೇಳಿಸತೊಡಗಿತು. ಸಹಿ ಹಾಕಿದವರು ಕ್ವಾರ್ಟರ್ಸ್ ಬಿಡಬೇಕು. ಹಾಕದವರಿಗೆ ಮುಂದೇನೋ ಗೊತ್ತಿಲ್ಲ.

ಅಣ್ಣನಿಗೆ ಸುದ್ದಿ ತಿಳಿದು ತಾನೇ ಫೋನು ಮಾಡಿದ. "ಇಷ್ಟ ವರ್ಷ ಕೇಳ್ತಿದ್ದಿ, ಈಗ ಹೊತ್ತು ಬಂದದ. ಭಾವಗ ಇಲ್ಲೊಂದು ಗೋದಾಮಿನ್ಯಾಗ ಸಾಮಾನು ಎತ್ತಿಸೂ ಕೆಲಸ ನೋಡೇನಿ. ಮ್ಯಾಲಿನ ಖೋಲಿ ನಿಮಗs. ಬಂದುಬಿಡ್ರಿ."

ಅಳುಕುತ್ತಲೇ ಇವರಿಗೆ ಹೇಳಿದೆ. ಇವರು ತಟ್ಟನೆ, "ಹೋಗೋಣ. ಅದಕ್ಕೇನಂತೆ," ಅಂದುಬಿಟ್ಟರು. ಅಣ್ಣನ ಮನೆಯ ಮಾಳಿಗೆ, ಒಣ ಗಾಳಿ, ನನ್ನ ಮಾತಿಗೆ ಯಾರೂ ತಿರುಗಿ ನೋಡದ ಬಜಾರು, ಎಲ್ಲ ಕಣ್ಣಮುಂದೆ ಬಂದವು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಸಹಿ ಹಾಕಲು ಆ ತಿಂಗಳ ಕೊನೆಯವರೆಗೆ ಅವಕಾಶವಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಇವರಿಗೆ ಗ್ಯಾಸ್ ತೊಂದರೆ ಶುರುವಾಯಿತು. ಹಾಗಂತ ಇವರೇ ಹೇಳಿದ್ದು. ಎದೆಯಲ್ಲಿ ಏನೋ ಕೂತ ಹಾಗೆ ಆಗುತ್ತದೆ, ಊಟ ಸೇರುವುದಿಲ್ಲ, ಗ್ಯಾಸು. ಓಂಕಾಳು ಅಗಿದರು, ಜೀರಿಗೆ ಕಷಾಯ ಕುಡಿದರು. ಡಾಕ್ಟರು ಎದೆಯ ಇಸಿಜಿ ತೆಗೆಸಿ, ಎಲ್ಲ ಸರಿಯಿದೆ ಎಂದು ಗುಳಿಗೆ ಬರೆದುಕೊಟ್ಟರು. ಸೈರನ್ ಕಿವಿಯ ಮೇಲೇ ಕೂಗಿದರೂ ಏಳದೆ ಮಲಗುತ್ತಿದ್ದ ಮನುಷ್ಯ ನಾನು ಲೋಟ ಇಟ್ಟ ಸದ್ದಿಗೆ ಬೆಚ್ಚತೊಡಗಿದರು. ಅನ್ನಕ್ಕೆ ಸಾರು ಹಾಕಿಕೊಳ್ಳುವುದನ್ನು ಮರೆತು ಬರೀ ಅನ್ನ ತಿಂದು ಎದ್ದರು. ಒಂದು ಬೆಳಿಗ್ಗೆ ಸೈಕಲ್ ಏರಿ ಹೋದವರು ಗಳಿಗೆಯಲ್ಲೇ ವಾಪಸು ಬಂದರು.

"ಯಾಕ್ರಿ?"

"ಇವತ್ತು ನಂಗೆ ವಾರದ ರಜ ಅಂತೆ. ವಾಚ್‌ಮನ್ ಹೇಳಿದ."

ಅದೇ ಸಂಜೆ ಮುರುಗೇಶ ಬೇಲಿಯ ಹತ್ತಿರ ನಿಂತು, "ಅಕ್ಕಾ, ಅಣ್ಣಂಗೆ ಏನಾಗಿದೆ? ಲೋಡ್ ಇಲ್ದೇ ಇದ್ರೂ ಕ್ರೇನ್ ಮೇಲೆ ಹತ್ತಿ ಕೂತ್ಕೊಂಡಿರ್ತಾರೆ. ಊಟಕ್ಕೂ ಇಳಿಯಲ್ಲ," ಅಂದ.

ಆಗ ನನಗೆ ಹೊಳೆಯಿತು. ಇದು ಗ್ಯಾಸಲ್ಲ, ಚಿಂತೆ. ಎದೆಯ ಮೇಲೆ ಕೂತುಕೊಳ್ಳುವುದು, ಸದ್ದಿಗೆ ಬೆಚ್ಚುವುದು, ಇದ್ದ ರುಚಿ ಹೋಗುವುದು, ಇವೆಲ್ಲ ನನ್ನ ಬಾಲ್ಯದ ಗೆಳತಿಯರು. ಇವರಿಗೆ ಅವುಗಳ ಮುಖಪರಿಚಯವೇ ಇಲ್ಲ. ಐವತ್ತರ ಹತ್ತಿರ ಬಂದ ಮನುಷ್ಯ ಮೊದಲ ಸಲ ಚಿಂತೆ ಮಾಡಿ, ಅದನ್ನು ಹೊಟ್ಟೆಯ ಕಾಯಿಲೆ ಎಂದು ತಿಳಿದು ಓಂಕಾಳು ತಿನ್ನುತ್ತಿದ್ದರು.

ಇವರೇ ಹಿಂದೊಮ್ಮೆ ಹೇಳಿದ್ದರು, ಪ್ರತಿ ಕ್ರೇನಿನ ಮೇಲೂ ಅದು ಎಷ್ಟು ಭಾರ ಎತ್ತುತ್ತದೆ ಎಂದು ದೊಡ್ಡದಾಗಿ ಬರೆದಿರುತ್ತದೆಯಂತೆ. ಮನುಷ್ಯರ ಮೇಲೆ ಬರೆದಿರುವುದಿಲ್ಲ. ಬರೆದಿದ್ದರೂ ಒಂದೇ ಅಂಕಿ ಸಾಲುತ್ತಿರಲಿಲ್ಲ. ಕಣ್ಣೆದುರಿನ ಅಪಾಯವನ್ನು ಇವರು ಬಾಳೆಹಣ್ಣು ತಿನ್ನುತ್ತ ಹೊರಬಲ್ಲರು. ಮುಂದೇನೋ ಗೊತ್ತಿಲ್ಲ ಎಂಬ ಹಗುರಾದ, ಕೈಗೆ ಸಿಗದ ಭಾರ ಇವರನ್ನು ನೆಲಕ್ಕೆ ಒತ್ತುತ್ತಿತ್ತು. ನನಗೆ ಅದು ದಿನದ ಅನ್ನ. ಸೆಲ್ವಿಯದು ಇನ್ನೊಂದು ಬಗೆ. ಅವಳು ಮೊದಲು ಕಿರುಚಿ, ಆಮೇಲೆ ನಕ್ಕು, ಮೂರನೆಯ ದಿನ ಮರೆಯುತ್ತಾಳೆ. ಗಟ್ಟಿ ಯಾರು, ಪುಕ್ಕಲು ಯಾರು ಎಂಬ ನನ್ನ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಸ್ವಭಾವ ಯಾರದೂ ಬದಲಾಗಿರಲಿಲ್ಲ. ಭಾರ ಮಾತ್ರ ಬದಲಾಗಿತ್ತು.

ಮರುದಿನ ಸಂಜೆ ಇವರನ್ನು ಹಿಂದಿನ ಮೆಟ್ಟಿಲ ಮೇಲೆ ಕೂರಿಸಿದೆ.

"ಇವತ್ತಿಂದ ನಾಲ್ಕರಿಂದ ಐದು ನೀವೂ ನನ್ನ ಜೊತೆ ಪಾಳಿಗೆ ಬನ್ನಿ."

"ಏನ್ ಕೆಲ್ಸ?"

"ಚಿಂತೆ ಮಾಡೋದು."

"ಹುಚ್ಚಾ ನಿಂಗೆ? ಹೆಂಗ್ ಮಾಡೋದು ಅದನ್ನ?"

"ತಲೆಗೆ ಬಂದದ್ದನ್ನ ಬಾಯಿಬಿಟ್ಟು ಹೇಳೋದು. ನಾನು ಅದಕ್ಕೆ ಪರಿಹಾರ ಹೇಳಲ್ಲ, ಹೆದರಬೇಡಿ."

ಮೊದಲ ದಿನ ಹೊಸ ಅಪ್ರೆಂಟಿಸ್ ಹಾಗೆ ತಡವರಿಸಿದರು. ಬಹಳ ಯೋಚಿಸಿ, ಸೈಕಲ್ಲಿನ ಹಿಂದಿನ ಟೈರ್ ಸವೆದಿದೆ ಅಂದರು. "ಅದು ಚಿಂತೆ ಅಲ್ಲ, ರಿಪೇರಿ. ಬೇರೆ ಹೇಳಿ," ಅಂದೆ. ಎರಡನೆಯ ದಿನ ಹೊಳಲೂರಿನ ಸೋದರ ಸೊಸೆಗೆ ಗಂಡು ಸಿಗುತ್ತಿಲ್ಲ ಅಂದರು. "ಅದು ಅವರಪ್ಪನ ಚಿಂತೆ. ನಿಮ್ಮದು ಹೇಳಿ." ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಸೆಲ್ವಿ, "ಅಣ್ಣಾ, ಪಾಸಾಗೋದು ಕಷ್ಟ. ಟೀಚರ್ ಬಹಳ ಸ್ಟ್ರಿಕ್ಟು," ಎಂದು ಕೂಗಿ ಹೇಳಿದಳು.

ಮೂರನೆಯ ದಿನ ಇವರು ಚಹಾ ಮುಗಿಸಿದರು. ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು, ಅದನ್ನೇ ನೋಡುತ್ತ ಶುರು ಮಾಡಿದರು.

"ನಿಮ್ಮೂರಿಗೆ ಹೋದ್ರೆ ನೀನು ಆರಾಮಾಗಿರ್ತೀಯ. ನಾನು ಅಲ್ಲಿ ಏನ್ ಮಾಡ್ತೀನೋ ಗೊತ್ತಾಗ್ತಿಲ್ಲ. ಗೋದಾಮಲ್ಲಿ ಮೂಟೆ ಎಣಿಸ್ಕೊಂಡು ಕೂರೋದು ನಂಗೆ ಬರುತ್ತಾ?"

"ಹೂಂ, ಮುಂದೆ."

"ಮೇಲೆ ಹತ್ತಿ ಕೂತ್ರೆ ನಾನು ಸರಿ ಇರ್ತೀನಿ. ಕೆಳಗಿಳಿದ್ರೆ ಏನೋ ಒಂಥರಾ."

"ಹಾಗಿದ್ರೆ ಅವತ್ತು ಹೋಗೋಣ ಅಂತ ಯಾಕೆ ಅಂದ್ರಿ?"

ಇವರು ಲೋಟವನ್ನು ಒಂದು ಸುತ್ತು ತಿರುಗಿಸಿಟ್ಟರು. "ಇಲ್ಲ ಅಂದ್ರೆ ನೀನು ಒಬ್ಳೇ ಹೋಗಿಬಿಡ್ತೀಯೇನೋ ಅಂತ. ಬಂದಾಗಿಂದ ನಿನ್ನ ಮನಸ್ಸೆಲ್ಲ ಅಲ್ಲೇ ಇದೆ. ಈ ಊರಲ್ಲಿ ನಿನ್ನ ಹಿಡಿದು ಇಟ್ಕೊಳ್ಳೋಕೆ ನನ್ ಹತ್ರ ಏನಿದೆ ಹೇಳು?"

ನಾನು ಆವರೆಗೆ ಈ ಲೋಕದಲ್ಲಿ ಮಾಡದ ಚಿಂತೆಯಿರಲಿಲ್ಲ. ಇವರು ಕ್ರೇನಿನಿಂದ ಬಿದ್ದರೆ, ಸೈಕಲ್ಲಿಗೆ ಲಾರಿ ಬಂದರೆ, ಜ್ವರ ಬಂದರೆ, ಬರದಿದ್ದರೆ. ಎಲ್ಲ ಚಿಂತೆಯಲ್ಲೂ ಹೋಗುವವರು ಇವರು, ಉಳಿಯುವವಳು ನಾನು. ನಾನು ಹೋಗಿಬಿಡುತ್ತೇನೆ ಎಂದು ಒಬ್ಬರು ಊಟ ಬಿಟ್ಟು ಕೂರಬಹುದು ಎಂಬುದು ನನ್ನ ಯಾವ ಸಂಜೆಯ ಪಾಳಿಯಲ್ಲೂ ಬಂದಿರಲಿಲ್ಲ. ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಹೊರಗೆ ಬಂದಾಗ ಇವರು ಹಾಗೇ ಕೂತಿದ್ದರು.

"ಸಹಿ ಹಾಕಬೇಡಿ," ಅಂದೆ.

"ನೀನು ಅತ್ತುಕೊಂಡು ಹೇಳಿದ್ರೆ ಬೇಡ."

"ಅಳ್ತಿಲ್ಲ. ನೀರು ಸಿಡೀತು. ನನಗೆ ನಮ್ಮೂರು ಬೇಕು, ಆದ್ರೆ ನಿಮ್ಮ ಜೀವ ಇಲ್ಲೇ ಬಿಟ್ಟು ಬಂದ್ರೆ ನಾನು ಅಲ್ಲಿ ಯಾರ ಜೊತೆ ಇರ್ಲಿ? ಹಬ್ಬಕ್ಕೆ ಹೋಗಿ ಬರೋಣ."

"ನಾಳೆ ಕಾರ್ಖಾನೆ ಪೂರ್ತಿ ನಿಂತರೆ?"

"ನಿಂತಾಗ ನೋಡೋಣ. ಆ ಚಿಂತೆ ನನಗೆ ಬಿಡಿ. ನನಗೆ ಅನುಭವ ಇದೆ."

ಇವರು ನನ್ನನ್ನು ನೋಡಿ ನಕ್ಕರು. ಆ ತಿಂಗಳಲ್ಲಿ ನಕ್ಕದ್ದು ಅದೇ ಮೊದಲು. "ಹಸಿವಾಗ್ತಿದೆ ಕಣೇ ಮಾರಾಯ್ತಿ," ಅಂದರು. ಓಂಕಾಳಿನ ಡಬ್ಬಿ ಅಡುಗೆಮನೆಗೆ ವಾಪಸು ಹೋಯಿತು.

ಉಳಿದದ್ದು ಅಣ್ಣನಿಗೆ ತಿಳಿಸುವುದು. ಮಾರನೆಯ ದಿನ ಸೆಲ್ವಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋದೆ. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಬೂತಿನ ಗಾಜಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

"ಯಾವಾಗ ಬರ್ತೀರಿ?" ಎಂದ ಅಣ್ಣ. "ಮ್ಯಾಲಿನ ಖೋಲಿಗೆ ಸುಣ್ಣಾ ಹಚ್ಚಿಸೇನಿ."

ಅದನ್ನು ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. "ಅಣ್ಣಾ, ನಾವು ಬರ್ತಾ ಇಲ್ಲ."

"ಯಾಕವಾ? ಅಲ್ಲೇನದ ಅಂತ ಅಲ್ಲೇ ಕುಂದರ್ತಿ?"

ಏನಿದೆ ಎಂದು ಹೇಳಲಿ? ಬಾಯಿಗೆ ಬಂದದ್ದನ್ನು ಹೇಳಿದೆ. "ಇವರ ಜೀವ ಎಲ್ಲ ಆ ಕೆಲಸದಲ್ಲಿದೆ ಅಣ್ಣಾ. ನನಗೂ ಇಲ್ಲಿ ಒಂಥರಾ ಅಭ್ಯಾಸ ಆಗಿಬಿಟ್ಟಿದೆ."

"ನಿನ್ನ ಮಾತು ನೀನs ಕೇಳಿದೇನು? ಆ ಕಡಿ ಮಂದಿ ಮಾತಾಡಿದಂಗs ಮಾತಾಡಾಕತ್ತಿ. ಪೂರಾ ಅಲ್ಲಿಯಾಕಿ ಆದಿ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನನ್ನನ್ನು ಇನ್ನೊಮ್ಮೆ ಗಂಡನ ಮನೆಗೆ ಕಳಿಸುವವನ ದನಿಯಲ್ಲಿ ಅಂದ. ನಾನು ಜೋರಾಗಿ, "ಹಂಗ್ಯಾಕ ಅಂತಿ ಅಣ್ಣಾ, ಹಬ್ಬಕ್ಕ ಬರ್ತೀವಿ, ಖೋಲಿ ಯಾರಿಗೂ ಕೊಡಬ್ಯಾಡ," ಎಂದೆ. "ನಿಂದs ಅದ ತಗೋ," ಎಂದ.

ಹೊರಗೆ ಬಂದೆ. ಸೆಲ್ವಿ ಬೆಂಚಿನಿಂದ ಎದ್ದು ನನ್ನ ಮುಖವನ್ನೇ ನೋಡಿದಳು.

"ಜಗಳನಾ ಅಕ್ಕಾ? ಕೊನೇಲಿ ಕೂಗಿದ್ರಲ್ಲ, ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಇಷ್ಟು ವರ್ಷ ನಮ್ಮ ಜೊತೆ ಇದ್ದೀರಿ, ನಿಮ್ಮೂರು ಇನ್ನೂ ನಿಮ್ಮ ಬಾಯಿಂದ ಹೋಗಿಲ್ಲ."

ಒಂದೇ ಫೋನು, ಒಂದೇ ಬಾಯಿ. ತಂತಿಯ ಆ ತುದಿಯವನಿಗೆ ನಾನು ಭದ್ರಾವತಿಯವಳು, ಗಾಜಿನ ಈಚೆಯವಳಿಗೆ ವಿಜಾಪುರದವಳು. ಇಬ್ಬರಲ್ಲಿ ಯಾರು ತಪ್ಪು ಎಂದು ಯೋಚಿಸುತ್ತ ನಿಂತೆ. ಇಬ್ಬರದೂ ಸರಿ ಅನ್ನಿಸಿತು. ಇದು ನಾಲ್ಕು ಗಂಟೆಗೆ ಇಟ್ಟುಕೊಳ್ಳಬೇಕಾದ ಸಂಗತಿಯೋ ಎಂದು ನೋಡಿದೆ. ಆಶ್ಚರ್ಯವೆಂದರೆ ಅದು ಚಿಂತೆಯ ಹಾಗೆ ಚುಚ್ಚುತ್ತಿರಲಿಲ್ಲ. ಎರಡೂ ಕೈಯಲ್ಲಿ ಸಾಮಾನಿರುವಾಗ ಆಗುವಂಥ ಒಂದು ನೋವು ಅಷ್ಟೇ, ತೋಳಿನದು, ಎದೆಯದಲ್ಲ.

"ಏನಂದ್ರು ನಿಮ್ಮಣ್ಣ?" ಎಂದು ಸೆಲ್ವಿ ಮತ್ತೆ ಕೇಳಿದಳು.

"ಖೋಲಿ ನಂದೇ ಅಂದ."

"ಖೋಲಿ ಅಂದ್ರೆ?"

"ರೂಮು."

"ಸರಿ ಬಿಡಿ. ಅಲ್ಲೂ ಒಂದು ರೂಮು, ಇಲ್ಲೂ ಒಂದು ಕ್ವಾರ್ಟರ್ಸು. ಸಾಹುಕಾರ್ರು ನೀವು," ಎಂದು ಅವಳು ನನ್ನ ಚೀಲ ಕಸಿದುಕೊಂಡು ಮುಂದೆ ನಡೆದಳು.